ಸೊಪ್ಪಿನ ಪುಡಿ

ಮೈಸೂರಿನಲ್ಲಿ ನಡೆದ ಹತ್ತು ದಿನದ ಬೇಕರಿ ತರಬೇತಿಯ ಮೊದಲ ದಿನವೇ ಬೃಂದಾ ತಲೆಯಾಡಿಸಿ ಕೆಟ್ಟಳು. ಬಂದಿದ್ದ ಮೂವತ್ತು ಹೆಂಗಸರನ್ನೂ ಒಬ್ಬೊಬ್ಬರಾಗಿ ಎಬ್ಬಿಸಿ ಹೆಸರು, ಊರು, ಬೆಳೆ ಕೇಳುತ್ತಿದ್ದ ಮೇಡಂ ಇವಳ ಹತ್ತಿರ ಬಂದಾಗ, "ಕಂಪಲಾಪುರ, ಪಿರಿಯಾಪಟ್ಟಣ ತಾಲ್ಲೂಕು" ಎಂದಳು. "ಏನು ಬೆಳೀತೀರಾ?" ಎಂದರು ಅವರು. "ಸೊಪ್ಪು" ಎಂದಳು.

"ತುಂಬಾ ಸಂತೋಷ! ನೋಡಿ, ಎಲ್ಲರೂ ಇವರನ್ನು ನೋಡಿ ಕಲೀಬೇಕು. ಯಾವ ಸೊಪ್ಪು? ದಂಟೋ, ಪಾಲಕ್ಕೋ?"

ಬೃಂದಾ ತಲೆಯಾಡಿಸಿದಳು. ಆ ತಲೆಯಾಟ ದಂಟಿಗೋ ಪಾಲಕ್ಕಿಗೋ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಪಿರಿಯಾಪಟ್ಟಣದ ಕಡೆ ಬರೀ ಸೊಪ್ಪು ಎಂದರೆ ಹೊಗೆಸೊಪ್ಪು. ಉಳಿದ ಸೊಪ್ಪುಗಳು ಬಡವರು. ಮುಂದೊಂದು ಹೆಸರಿಟ್ಟುಕೊಂಡೇ ಓಡಾಡಬೇಕು, ದಂಟಿನ ಸೊಪ್ಪು, ಮೆಂತ್ಯದ ಸೊಪ್ಪು, ನುಗ್ಗೆ ಸೊಪ್ಪು ಅಂತ. "ಸೊಪ್ಪು ಎಂಗದೆ ಈ ಸಲ?" ಎಂದು ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಕೇಳಿದರೆ ಅದು ಅಡುಗೆಯ ಮಾತಲ್ಲ. ಬೃಂದಾಳ ಗಂಡ ಚಲುವರಾಜು ಮೂರೂವರೆ ಎಕರೆಗೆ ಅದೇ ಹಾಕಿದ್ದ. ಮನೆಯ ಹಿಂದೆ ಎರಡಾಳೆತ್ತರದ ಬ್ಯಾರನ್ನು. ಅದರೊಳಗೆ ಎಲೆಯನ್ನು ಸಾಲುಸಾಲಾಗಿ ನೇತುಹಾಕಿ, ಹೊರಗಿನ ಒಲೆಗೆ ಸೌದೆ ನೂಕಿ ಒಂದು ವಾರ ಬೇಯಿಸಿದರೆ ಹಸಿರೆಲೆ ಹೊನ್ನಿನ ಬಣ್ಣಕ್ಕೆ ತಿರುಗುತ್ತಿತ್ತು. ಹಾಗೆ ನೋಡಿದರೆ ಊರಿಗೆ ಬೇಕರಿ ವಿದ್ಯೆ ಹೊಸದೇನಲ್ಲ. ಬೃಂದಾಳ ಕೈಯ ಬಳೆ, ಚಲುವರಾಜುವಿನ ಮೋಟಾರ್ ಸೈಕಲ್ಲು, ಮೈಸೂರಿಗೆ ಹೋಗಿಬಂದ ಬಸ್ ಚಾರ್ಜು ಎಲ್ಲವೂ ಆ ಬ್ಯಾರನ್ನಿನಿಂದಲೇ ಬೆಂದು ಬಂದವು.

ಬೃಂದಾ ಕೆ.ಆರ್. ನಗರದವಳು. ನಾಲೆ ನೀರು, ಭತ್ತದ ಗದ್ದೆ, ಬಿ.ಎ. ಎರಡನೇ ವರ್ಷ. ಮದುವೆಯಾಗಿ ಬಂದ ಆರು ವರ್ಷದಲ್ಲಿ ಅವಳು ಈ ಊರಿನ ಊಟವನ್ನು ತಿದ್ದುವುದೇ ತನ್ನ ಕೆಲಸ ಎಂದುಕೊಂಡಿದ್ದಳು. ಸ್ತ್ರೀಶಕ್ತಿ ಸಂಘಕ್ಕೆ ಅವಳೇ ಅಧ್ಯಕ್ಷೆ. ತರಬೇತಿ ಮುಗಿಸಿ ಬಂದಮೇಲಂತೂ ಉತ್ಸಾಹ ಹಿಡಿಯಲಾರದಷ್ಟಾಯಿತು. ಉಪ್ಪು ಕಮ್ಮಿ ಮಾಡಿ, ಮೈದಾ ಬಿಡಿ, ಸಕ್ಕರೆ ಬದಲು ಬೆಲ್ಲ ಹಾಕಿ, ಅಂಗಡಿ ಬನ್ನಿನ ಬದಲು ಮನೆಯಲ್ಲೇ ರಾಗಿ ಬಿಸ್ಕತ್ತು ಮಾಡಿ. ಕರಿದ ಬೋಂಡ ಕೈಯಲ್ಲಿ ಹಿಡಿದವರು ಅವಳು ಎದುರಿಗೆ ಬಂದರೆ ಸೆರಗಿನಲ್ಲಿ ಮುಚ್ಚಿಕೊಳ್ಳುವ ಮಟ್ಟಿಗೆ ಊರು ಸುಧಾರಿಸಿತ್ತು.

ಮೈಸೂರಿನಿಂದ ತಂದ ದುಂಡನೆಯ ಅಲ್ಯೂಮಿನಿಯಂ ಓವನ್ನು ಕರೆಂಟಿಲ್ಲದೆ ಅಟ್ಟ ಹತ್ತಿತು. ಅದಕ್ಕೆ ದಾರಿ ತೋರಿಸಿದವಳು ಅತ್ತೆ ಚಿಕ್ಕಬೀರಮ್ಮ.

"ಅದ್ಯಾಕವ್ವ ಕರೆಂಟು? ದೊಡ್ಡ ಡಬರೀಲಿ ಮಳ್ಳು ಹಾಕು. ಒಳಗೆ ತಟ್ಟೆ ಮಡಗು. ಬ್ಯಾರನ್ ಒಲೆ ಬಾಯ್ನಾಗೆ ಕೆಂಡ ಬೇಕಾದಂಗದೆ, ಕೆಳಗ್ ವಸಿ, ಮುಚ್ಚಳದ ಮ್ಯಾಲ್ ವಸಿ. ಬೇಯ್ದೆ ಎಲ್ಲೋಯ್ತದೆ?"

ಬೆಂದಿತು. ರಾಗಿ ಬಿಸ್ಕತ್ತು ಅಡಿ ಸೀಯದೆ, ಮೇಲೆ ಬಿರಿದು, ಉದುರಿಸಿದ ಎಳ್ಳು ಕೆಂಪಗಾಗಿ ಎಷ್ಟು ಚೆನ್ನಾಗಿ ಬೆಂದಿತೆಂದರೆ, ಬೃಂದಾ ತರಬೇತಿಯ ನೋಟ್‌ಪುಸ್ತಕದಲ್ಲಿ "ಮರಳು ಪದ್ಧತಿ" ಎಂದು ಹೊಸ ಪುಟ ತೆಗೆದು ಬರೆದುಕೊಂಡಳು. ಯಾರು ಹೇಳಿಕೊಟ್ಟದ್ದು ಎಂದು ಬರೆಯಲಿಲ್ಲ. ಪುಸ್ತಕದಲ್ಲಿ ಅದಕ್ಕೆ ಜಾಗ ಇರಲಿಲ್ಲ ಅಂತಲ್ಲ.

ಚಿಕ್ಕಬೀರಮ್ಮನಿಗೆ ಅಕ್ಷರ ಬಾರದು. ಕೈ ಮಾತ್ರ ದೊಡ್ಡದು. ಕಂಪಲಾಪುರದ ಸುತ್ತ ಯಾರ ಮನೆಯಲ್ಲಿ ಬೀಗರೂಟವಾದರೂ ಮಸಾಲೆ ರುಬ್ಬುವ ಕಲ್ಲಿನ ಹತ್ತಿರ ಅವಳು ನಿಲ್ಲಬೇಕು. ಇನ್ನೂರು ಜನಕ್ಕೆ ಎಷ್ಟು ಕೊತ್ತಂಬರಿ, ಎಷ್ಟು ಚೆಕ್ಕೆ ಲವಂಗ ಎಂಬುದನ್ನು ಕಣ್ಣಲ್ಲೇ ಅಳೆಯುವಳು. ಸಾರು ಕುದಿಯುವಾಗ ಬಾಯಿಗೆ ಹಾಕಿ ನೋಡುವವಳಲ್ಲ. ಸೌಟಿನ ಮೇಲೆ ಬಾಗಿ ಮೂಸಿ, "ಉಪ್ಪು ಬೇಕು" ಅಂದರೆ ಉಪ್ಪು ಬೇಕು. ಮೂವತ್ತು ವರ್ಷದಿಂದ ಆ ಮೂಗು ತಪ್ಪಿದ್ದನ್ನು ಕಂಡವರಿಲ್ಲ.

ಅವಳಿಗಿದ್ದ ಚಟ ಒಂದೇ. ಬ್ಯಾರನ್ನಿನಲ್ಲಿ ಉದುರಿದ ಎಲೆಚೂರನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಪುಡಿ ಮಾಡಿ, ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿ ಅಡುಗೆಮನೆಯ ಗೂಡಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಊಟವಾದ ಮೇಲೆ ಎಲೆ ಅಡಿಕೆಯ ಜೊತೆ ಒಂದು ಚಿಟಿಕೆ.

ಆ ಬಾಟಲಿಯೇ ಬೃಂದಾಳಿಗೆ ಮುಳ್ಳಾಯಿತು. ಆಗಸ್ಟ್ ತಿಂಗಳಲ್ಲಿ ತಾಲ್ಲೂಕಿನಿಂದ ಒಬ್ಬ ಮೇಡಂ "ಮಾದರಿ ಅಡುಗೆಮನೆ" ನೋಡಲು ಬರುತ್ತಾರೆಂದು ತಿಳಿದಾಗ ಅವಳು ಪಿರಿಯಾಪಟ್ಟಣದಿಂದ ಕೆಂಪು ಅಂಚಿನ ಲೇಬಲ್ಲುಗಳನ್ನು ತರಿಸಿ, ಒಂದೊಂದು ಡಬ್ಬಕ್ಕೂ ಗುಂಡಗಿನ ಅಕ್ಷರದಲ್ಲಿ ಬರೆದು ಅಂಟಿಸಿದಳು. ರಾಗಿ ಹಿಟ್ಟು. ಹುರುಳಿ. ಬೆಲ್ಲ. ತಾನೇ ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿದ ನುಗ್ಗೆ ಸೊಪ್ಪಿನ ಬಾಟಲಿಗೆ "ನುಗ್ಗೆ". ಕೊನೆಗೆ ಅತ್ತೆಯ ಬಾಟಲಿ ಉಳಿಯಿತು. ಗೂಡಿನಿಂದ ತೆಗೆದರೆ ಮುದುಕಿ ಹುಡುಕುತ್ತಾಳೆ. ಲೇಬಲ್ಲಿಲ್ಲದೆ ಬಿಟ್ಟರೆ ಅದೊಂದೇ ಎದ್ದು ಕಾಣುತ್ತದೆ. ಆರೋಗ್ಯದ ಅಡುಗೆಮನೆಯಲ್ಲಿ ಹೊಗೆಸೊಪ್ಪು ಎಂದು ಬರೆಯುವುದು ಹೇಗೆ? ಬೃಂದಾ ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿ, "ಸೊಪ್ಪಿನ ಪುಡಿ" ಎಂದು ಬರೆದಳು. ಸುಳ್ಳೇನಲ್ಲ. ಎರಡಕ್ಷರ ಬಿಟ್ಟದ್ದು, ಅಷ್ಟೆ.

"ಏನಂತ ಬರ್ದೆ ಮಗಾ ನಂದ್ರ ಮ್ಯಾಲೆ?" ಎಂದು ಕೇಳಿದಳು ಚಿಕ್ಕಬೀರಮ್ಮ.

"ನಿಮ್ಮ ಪುಡಿ ಅಂತಲೇ ಬರೆದಿದೀನಿ ಅತ್ತೆ."

"ನನ್ನೆಸ್ರಾ?" ಮುದುಕಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಅಕ್ಷರದಲ್ಲಿ ತನ್ನ ಹೆಸರು ಅವಳು ಎಂದೂ ನೋಡಿರಲಿಲ್ಲ. "ಚೆಂದಾಗ್ ಬರ್ದಿದೀಯ ಕಣವ್ವ."

ಬೃಂದಾ ಅದನ್ನೂ ತಿದ್ದಲಿಲ್ಲ.

ಬಂದ ಮೇಡಂ ಡಬ್ಬಗಳ ಸಾಲನ್ನು ಮೆಚ್ಚಿ, ಸೆಪ್ಟೆಂಬರಿನ ಪೌಷ್ಟಿಕ ಆಹಾರ ಸಪ್ತಾಹವನ್ನು ಕಂಪಲಾಪುರದಲ್ಲೇ ಮಾಡೋಣ, ನಿಮ್ಮ ರಾಗಿ ನುಗ್ಗೆ ಬಿಸ್ಕತ್ತನ್ನು ಎಲ್ಲರಿಗೂ ಹಂಚೋಣ ಎಂದು ಹೇಳಿ ಹೋದರು.

ಸಪ್ತಾಹ ಬಂದಾಗ ಊರಿನ ಬ್ಯಾರನ್ನುಗಳೆಲ್ಲ ಉರಿಯುತ್ತಿದ್ದವು. ಆ ತಿಂಗಳಲ್ಲಿ ಕಂಪಲಾಪುರದಲ್ಲಿ ಗಾಳಿಯೇ ಹೊಗೆಸೊಪ್ಪು. ಬಟ್ಟೆ, ಹಾಸಿಗೆ, ಕುಡಿಯುವ ನೀರು ಎಲ್ಲಕ್ಕೂ ಅದೇ ಗಮಲು ಹತ್ತಿರುವುದರಿಂದ ಯಾರ ಮೂಗಿಗೂ ಅದು ಗೊತ್ತಾಗುವುದಿಲ್ಲ. ಬೆಳಿಗ್ಗೆ ಆರಕ್ಕೇ ಸಂಘದ ಹೆಂಗಸರು ಬೃಂದಾಳ ಮನೆಯಲ್ಲಿ ಸೇರಿದರು. ಎಂಬತ್ತು ಬಿಸ್ಕತ್ತಾಗಬೇಕು. ಬೃಂದಾ ಹಜಾರದಲ್ಲಿ ಕೂತು ಬೆಲ್ಲ ಬೆಣ್ಣೆ ನಾದುತ್ತಿದ್ದಳು, ಮೊಣಕೈವರೆಗೂ ಜಿಡ್ಡು.

"ಸೋಮಕ್ಕ, ಒಳಗೆ ಗೂಡಲ್ಲಿ ಸೊಪ್ಪಿನ ಪುಡಿ ಬಾಟ್ಲಿ ಇದೆ. ಆರು ಚಮಚ ರಾಗಿ ಹಿಟ್ಟಿಗೆ ಹಾಕಿ ಕಲಸಿ. ಲೇಬಲ್ ನೋಡ್ಕೊಂಡು!"

ಸೋಮಮ್ಮ ರಾತ್ರಿಶಾಲೆಯಲ್ಲಿ ಓದು ಕಲಿತು ಒಂದು ವರ್ಷವಾಗಿತ್ತು. ಎದುರಿಗೆ ಸಿಕ್ಕ ಬಸ್ಸಿನ ಬೋರ್ಡನ್ನೂ ಬಿಡದೆ ಓದುತ್ತಿದ್ದಳು. ಗೂಡಿನ ಮುಂದೆ ನಿಂತು, ಇಡೀ ಮನೆಗೆ ಕೇಳುವಂತೆ, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದಳು.

"ಸೊ... ಪ್ಪಿ... ನ. ಪು... ಡಿ. ಸಿಕ್ತು ಕಣಕ್ಕೋ!"

"ಶಭಾಷ್ ಸೋಮಕ್ಕ!" ಎಂದಳು ಬೃಂದಾ.

ಪುಡಿ ಹಸಿರಾಗಿರದೆ ಕಂದು ಬಣ್ಣಕ್ಕಿದ್ದುದನ್ನು ಸೋಮಮ್ಮ ನೋಡಿದಳು. ಒಣಗಿದರೆ ಹಾಗೇ ಆಗುತ್ತದೆ ಎಂದುಕೊಂಡಳು. ಓದಿ ಖಚಿತ ಮಾಡಿಕೊಂಡ ಮೇಲೆ ಕಣ್ಣನ್ನು ನಂಬುವವರು ಯಾರು?

ಬ್ಯಾರನ್ ಒಲೆಯ ಹತ್ತಿರ ಕೆಂಡ ಹರಡುತ್ತ ಕೂತಿದ್ದ ಚಿಕ್ಕಬೀರಮ್ಮ ಮೊದಲ ಡಬರಿಯ ಮುಚ್ಚಳ ತೆಗೆದವಳೇ ಹಿಂದಕ್ಕೆ ಬಾಗಿದಳು. ಮತ್ತೆ ಮುಂದಕ್ಕೆ ಬಾಗಿ ಮೂಸಿದಳು.

"ಬೃಂದವ್ವ, ಯಾಕೋ ಗಮಲು ಬ್ಯಾರೆ ಆಗದೆ."

"ನುಗ್ಗೆ ಸೊಪ್ಪಲ್ವಾ ಅತ್ತೆ, ಹಾಗೇ ಇರುತ್ತೆ."

"ನುಗ್ಗೆ ನಂಗೊತ್ತಿಲ್ವಾ? ಇದು ನುಗ್ಗೆಯಲ್ಲ. ಒಂದ್ ಚೂರ್ ಮುರ್ದು ನೋಡು."

ಒಂಬತ್ತೂವರೆ ಆಗಿತ್ತು. ಹತ್ತಕ್ಕೆ ಜೀಪು ಬರುತ್ತದೆ. "ಅತ್ತೆ, ಅದು ನಿಮ್ಮ ಕೈದೇ ವಾಸನೆ. ದಿನಾ ಆ ಪುಡಿ ಮುಟ್ಟಿ ಮುಟ್ಟಿ ನಿಮಗೆ ಎಲ್ಲದರಲ್ಲೂ ಅದೇ ಬರುತ್ತೆ," ಎಂದು ಬೃಂದಾ ಸಂಘದ ಹೆಂಗಸರ ಕಡೆ ತಿರುಗಿ ನಕ್ಕಳು. ಅವರೂ ನಕ್ಕರು. ಚಿಕ್ಕಬೀರಮ್ಮ ತನ್ನ ಅಂಗೈ ಮೂಸಿ ನೋಡಿಕೊಂಡು ಮತ್ತೆ ಕೆಂಡ ಹರಡಲು ಕೂತಳು.

ಸಭೆ ಶಾಲೆಯ ಅಂಗಳದಲ್ಲಿ. ಮಕ್ಕಳು ಸಾಲಾಗಿ ಕೂತಿದ್ದವು. ಮೇಡಂ ಉದ್ಘಾಟನೆ ಮಾಡುವವರೆಗೆ ಯಾರೂ ಬಿಸ್ಕತ್ತು ಮುಟ್ಟಕೂಡದು ಎಂದು ಮೇಷ್ಟ್ರು ಬೆತ್ತ ಹಿಡಿದು ನಿಂತಿದ್ದರು. ಸರ್ಕಾರದ ಶಿಷ್ಟಾಚಾರದಿಂದ ಜನರಿಗೆ ಒಳಿತಾದ ಉದಾಹರಣೆ ಬೇಕಾದವರು ಆ ದಿನವನ್ನು ಬರೆದುಕೊಳ್ಳಬಹುದು. ಮೊದಲು ವೇದಿಕೆಯ ಮೇಲಿದ್ದ ಮೇಡಂ, ಪಂಚಾಯಿತಿ ಸದಸ್ಯ ಲಿಂಗಣ್ಣ, ಊರಿನ ಹಿರಿಯ ಕರಿಯಯ್ಯ ಇವರಿಗೆ ಕೊಟ್ಟರು.

ಮೇಡಂ ಒಂದು ಬಿಸ್ಕತ್ತು ತಿಂದು, ಸ್ವಲ್ಪ ಕಹಿ ಇದ್ದರೂ ಆರೋಗ್ಯದ ಪದಾರ್ಥಗಳು ಹಾಗೇ ಇರುತ್ತವೆಂದು ಹೇಳಿ ಭಾಷಣಕ್ಕೆ ನಿಂತರು. "ಸೊಪ್ಪಿನಲ್ಲಿ ಕಬ್ಬಿಣಾಂಶ" ಎನ್ನುವಷ್ಟರಲ್ಲಿ ಮೊದಲ ಬಿಕ್ಕಳಿಕೆ ಬಂತು. ನೀರು ಕುಡಿದರು. "ಸೊಪ್ಪು ನಮ್ಮ... ಹಿಕ್... ದೇಹಕ್ಕೆ" ಎಂದರು. ಮಕ್ಕಳು ಕಿಸಕ್ಕೆಂದವು. ಐದು ನಿಮಿಷದಲ್ಲಿ ಅವರ ಮುಖ ಬೆಳ್ಳಗಾಯಿತು, ಹಣೆಯಲ್ಲಿ ಬೆವರು ಮೂಡಿತು. ಸೆರಗು ಬಾಯಿಗೆ ಒತ್ತಿಕೊಂಡು ನಲ್ಲಿಯ ಕಡೆಗೆ ಓಡಿದರು. ಲಿಂಗಣ್ಣ ಎದ್ದು ಸಹಾಯಕ್ಕೆ ಹೋಗಲು ನೋಡಿ, ಕಂಬ ಹಿಡಿದುಕೊಂಡು ಅಲ್ಲೇ ಕುಸಿದ. "ಭೂಮಿ ತಿರುಗ್ತಾ ಅದೆ ಕಣ್ರಪ್ಪೋ" ಎಂದ.

ಕರಿಯಯ್ಯನೊಬ್ಬ ಎರಡನೇ ಬಿಸ್ಕತ್ತು ಮುಗಿಸಿ ಮೂರನೆಯದಕ್ಕೆ ಕೈ ಚಾಚಿದ್ದ.

"ಬೋ ಚೆನ್ನಾಗದೆ ಕಣವ್ವ. ಇಂಥದ್ ದಿನಾ ಸಿಕ್ಕಿದ್ರೆ ಎಲೆಅಡಿಕೆ ಖರ್ಚೇ ಇಲ್ಲ ಬುಡು."

"ಏನಯ್ಯಾ ಅಂಗಂದ್ರೆ?" ಎಂದ ಲಿಂಗಣ್ಣ ಕೂತಲ್ಲಿಂದಲೇ.

"ನಿಂಗ್ ಗೊತ್ತಾಗ್ಲಿಲ್ವೇನ್ಲಾ? ಅರವತ್ತು ವರ್ಷದಿಂದ ಅಗೀತಾ ಇವ್ನಿ. ಇದ್ರಲ್ಲಿ ನಮ್ ಸೊಪ್ಪದೆ. ಅದೂ ಒಂದನೇ ನಂಬರ್ ಸೊಪ್ಪು. ಚಲುವರಾಜನ್ ಬ್ಯಾರನ್ದೇ ಇರ್ಬೇಕು."

ಅಂಗಳವೆಲ್ಲ ಬೃಂದಾಳ ಕಡೆ ತಿರುಗಿತು. ಅವಳಿಗೆ ಒಂದೇ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಗೂಡು, ಬಾಟಲಿ, ಕೆಂಪು ಅಂಚು, ತನ್ನ ಗುಂಡಗಿನ ಅಕ್ಷರ, ನುಗ್ಗೆ ಎನ್ನದೆ ಸೊಪ್ಪು ಎಂದದ್ದು. ಸೋಮಮ್ಮನ ಬೆರಳು ಒಂದೊಂದೇ ಅಕ್ಷರದ ಮೇಲೆ ಓಡಿದ್ದು.

"ನಾ ಓದೇ ಹಾಕ್ದೆ ಕಣಕ್ಕ. ಕಣ್ಣಾರೆ ಓದ್ದೆ," ಎಂದು ಸೋಮಮ್ಮ ಅಳುವ ದನಿಯಲ್ಲಿ ಶುರುಮಾಡಿದಳು.

"ಓದೋದ್ರಲ್ಲಿ ನಿಮ್ಮ ತಪ್ಪಿಲ್ಲ ಸೋಮಕ್ಕ." ಬೃಂದಾಳ ದನಿ ತನಗೇ ಆಶ್ಚರ್ಯವಾಗುವಷ್ಟು ಶಾಂತವಾಗಿತ್ತು. "ನಮ್ಮತ್ತೆ ಇರಬೇಕು. ಅವರಿಗೆ ಅಕ್ಷರ ಬರಲ್ಲ. ಖಾಲಿ ಬಾಟ್ಲಿ ಅಂತ ನನ್ನ ಬಾಟ್ಲೀಲಿ ಅವರ ಪುಡಿ ತುಂಬಿಬಿಟ್ಟಿದಾರೆ."

ಎಷ್ಟು ಸರಾಗವಾಗಿ ಬಂತು! ಮೈಸೂರಿನಲ್ಲಿ ತಲೆಯಾಡಿಸಿದ್ದಕ್ಕಿಂತಲೂ ಸುಲಭವಾಗಿ.

ಚಿಕ್ಕಬೀರಮ್ಮ ಆಗಷ್ಟೇ ಮೇಡಮ್ಮನವರ ಮುಖ ಒರೆಸಿ, ಒದ್ದೆ ಬಟ್ಟೆ ಹಿಡಿದು ನಲ್ಲಿಯ ಕಡೆಯಿಂದ ಬರುತ್ತಿದ್ದಳು. ಎಲ್ಲರೂ ತನ್ನನ್ನೇ ನೋಡುತ್ತಿದ್ದುದನ್ನು ಕಂಡು ನಿಂತಳು. ಲಿಂಗಣ್ಣ ವಿಷಯ ಹೇಳಿದ. ಮುದುಕಿ ಸೊಸೆಯ ಮುಖ ನೋಡಿದಳು, ಆಮೇಲೆ ತನ್ನ ಕೈ ನೋಡಿಕೊಂಡಳು.

"ತುಂಬಿದ್ರೂ ತುಂಬಿರ್ತೀನಿ ಕಣಪ್ಪ," ಎಂದಳು. "ವಯಸ್ಸಾಯ್ತಲ್ಲ."

ಮೇಡಂ ದೊಡ್ಡ ಮನಸ್ಸಿನವರು. ವಯಸ್ಸಾದವರು ಪಾಪ ಎಂದು ಹೇಳಿ, ನಿಂಬೆಹಣ್ಣಿನ ಪಾನಕ ಕುಡಿದು ಜೀಪು ಹತ್ತಿದರು. ಬೃಂದಾ ಮನೆಗೆ ಬಂದವಳೇ ಬಿಸಿನೀರಿನ ಬಟ್ಟೆ ಒತ್ತಿ ಆ ಲೇಬಲ್ಲನ್ನು ಕಿತ್ತಳು. ಹರಿದು ಒಲೆಗೆ ಹಾಕಬೇಕೆಂದಿದ್ದಳು. ಯಾಕೋ ಅದನ್ನು ನೋಟ್‌ಪುಸ್ತಕದ "ಮರಳು ಪದ್ಧತಿ" ಪುಟದೊಳಗೆ ಇಟ್ಟಳು.

ಊರು ಒಂದು ವಾರ ನಕ್ಕಿತು. ಕರಿಯಯ್ಯ ಎದುರಿಗೆ ಸಿಕ್ಕಿದಾಗಲೆಲ್ಲ "ಬಿಸ್ಕತ್ತು ಉಳಿದವಾ?" ಎಂದು ಕೇಳುತ್ತಿದ್ದ. ಅದು ಬೃಂದಾಳಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಮನೆಯೊಳಗೆ.

ಚಿಕ್ಕಬೀರಮ್ಮ ಎಲೆ ಅಡಿಕೆ ಬಿಟ್ಟಳು. ಯಾರೂ ಹೇಳಿರಲಿಲ್ಲ. ಬಾಟಲಿಯನ್ನು ತೊಳೆದು ಬೋರಲು ಹಾಕಿದಳು. ಆಮೇಲೆ ಅಡುಗೆಮನೆಯಲ್ಲಿ ಏನನ್ನು ಮುಟ್ಟಿದರೂ ಮೂಸತೊಡಗಿದಳು. ಸಾರಿನ ಪುಡಿ ಮೂಸುವಳು, ಅರಿಸಿನ ಮೂಸುವಳು, ಸಕ್ಕರೆ ಮೂಸುವಳು. ಮೊದಲು ಸೌಟಿನ ಮೇಲೆ ರಾಜಗಾಂಭೀರ್ಯದಿಂದ ಬಾಗುತ್ತಿದ್ದ ಅದೇ ಮೂಗು, ಈಗ ಕಳ್ಳನಂತೆ ಡಬ್ಬದಿಂದ ಡಬ್ಬಕ್ಕೆ ಅಲೆಯುತ್ತಿತ್ತು. ಒಂದು ಮಧ್ಯಾಹ್ನ ಅವಳು ಉಪ್ಪಿನ ಮರಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಮೂಸುತ್ತಿದ್ದುದನ್ನು ಬೃಂದಾ ನೋಡಿದಳು.

"ಉಪ್ಪಿಗೆಲ್ಲಿ ವಾಸನೆ ಅತ್ತೆ?"

"ಇಲ್ಲ ಕಣವ್ವ. ಆದ್ರೂ ಒಂದ್ ಧೈರ್ಯ." ಮುದುಕಿ ಮರಿಗೆ ಕೆಳಗಿಟ್ಟಳು. "ಯಾವತ್ ತುಂಬುದ್ನೋ ಎಷ್ಟ್ ಗ್ಯಾನ ಮಾಡ್ಕಂಡ್ರೂ ನೆಪ್ಪಾಗ್ತಿಲ್ಲ ನೋಡು. ನಿನ್ ಬಾಟ್ಲಿ ಮುಟ್ಟಿದ್ದೇ ನೆಪ್ಪಿಲ್ಲ. ಅಂಗೆಲ್ಲ ಮರ್ತೋಯ್ತದಾ ಮನ್ಸಂಗೆ? ನಾಳೀಕೆ ಇನ್ನೇನ್ ಹಾಕ್ಬುಡ್ತೀನೋ. ಮನೇಲಿ ಮಗ ಉಣ್ತಾನೆ, ನೀ ಉಣ್ತೀಯ."

ಬೃಂದಾಳ ಗಂಟಲಿಗೆ ಮಾತು ಬಂದಿತ್ತು. ಬಾಯಿ ತೆರೆದಳು ಕೂಡ. ಹೊರಬಿದ್ದದ್ದು ಬೇರೆಯೇ.

"ಪರವಾಗಿಲ್ಲ ಬಿಡಿ ಅತ್ತೆ. ಆಗೋದು ಆಯ್ತು. ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ."

ಅಂದರೆ ಕ್ಷಮಿಸಿಬಿಟ್ಟಳು! ತಾನು ಮಾಡಿದ ತಪ್ಪಿಗೆ ಅತ್ತೆಯನ್ನು ಕ್ಷಮಿಸಿ, ಅತ್ತೆಯಿಂದ "ನಿಂದ್ ದೊಡ್ ಗುಣ ಕಣ ಮಗಾ" ಎಂಬ ಮಾತನ್ನೂ ಪಡೆದು, ಹಿತ್ತಲಿಗೆ ಹೋಗಿ ಬ್ಯಾರನ್ನಿನ ಗೋಡೆಗೆ ಒರಗಿ ನಿಂತಳು. ಕಿವಿ ಬಿಸಿಯಾಗಿತ್ತು. ಬ್ಯಾರನ್ನು ಆರಿ ಎರಡು ವಾರವಾಗಿತ್ತು. ಅದರ ಬಿಸಿ ಅನ್ನುವಂತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಲಿಂಗಣ್ಣ ಮಗಳ ಮದುವೆಯ ಕರೆಯೋಲೆ ಹಿಡಿದು ಬಂದ. ಎಂದಿನಂತೆ ಚಿಕ್ಕಬೀರಮ್ಮ ಕೈ ಒರೆಸಿಕೊಂಡು ನಡುಮನೆಗೆ ಬಂದು ಕಂಬಕ್ಕೆ ಒರಗಿ ಕೂತಳು. ಎಂಟೂರಿನಲ್ಲಿ ಯಾರು ಬೀಗರೂಟಕ್ಕೆ ಕರೆಯಲು ಬಂದರೂ "ಮಸಾಲೆಗೆ ನೀನೇ ನಿಂತ್ಕಬೇಕು ಚಿಕ್ಕಬೀರಕ್ಕ" ಎಂಬುದು ಮೊದಲ ಮಾತು. ಅವಳು ಅದಕ್ಕೇ ಕಾಯುತ್ತಿದ್ದಳು.

"ಎಲ್ಲ ಊಟಕ್ಕೆ ಬರ್ಬೇಕು ಕಣಕ್ಕ," ಎಂದ ಲಿಂಗಣ್ಣ. ಗೋಡೆ ನೋಡುತ್ತ ಮುಂದುವರಿಸಿದ. "ಅಡಿಗೆಗೆ ಹುಣಸೂರಿಂದ ಜನ ಬತ್ತಾವ್ರೆ. ನಿಂಗ್ಯಾಕ್ ಸುಮ್ಕೆ ತ್ರಾಸು ಈ ವಯಸ್ಸಲ್ಲಿ." ಆಮೇಲೆ ಬೃಂದಾಳ ಕಡೆ ತಿರುಗಿ, "ನೀವ್ ಬನ್ನಿ ಬೃಂದಮ್ಮ, ಮಸಾಲೆ ಸಾಮಾನ್ ನೀವು ನಿಂತು ಕೊಡಿ. ಓದ್ದೋರು, ಲೇಬಲ್ ಗೀಬಲ್ ನೋಡ್ಕಂಡ್ ಕೊಡ್ತೀರಿ. ನಂಗೂ ಒಂದ್ ನೆಮ್ದಿ."

ಚಿಕ್ಕಬೀರಮ್ಮ ನಗುತ್ತಲೇ ಇದ್ದಳು. "ಅದ್ಕೇನಂತೆ ಲಿಂಗಣ್ಣ, ಬತ್ತೀನಿ, ಉಂಡ್ಕಂಡ್ ಬತ್ತೀನಿ," ಎಂದಳು. ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ.

ಬೀಗರೂಟದ ಬೆಳಿಗ್ಗೆ ಬೃಂದಾ ನೋಟ್‌ಪುಸ್ತಕ ತೆರೆದು ಲೇಬಲ್ಲನ್ನು ಪರ್ಸಿನೊಳಗೆ ಇಟ್ಟುಕೊಂಡಳು. ದಾರಿಯಲ್ಲಿ ಹೇಳಿಬಿಡೋಣ ಎಂದುಕೊಂಡಳು. ದಾರಿ ಲಿಂಗಣ್ಣನ ಮನೆಯವರೆಗೆ ಎಷ್ಟು ಚಿಕ್ಕದೆಂದು ಅವಳಿಗೆ ಗೊತ್ತಿರಲಿಲ್ಲ.

ಚಪ್ಪರದ ಹಿಂದೆ ಮೂರು ಕೊಪ್ಪರಿಗೆ ಒಲೆ ಮೇಲಿದ್ದವು. ಹುಣಸೂರಿನ ಅಡುಗೆಯವನು ಮೀಸೆ ತಿರುವುತ್ತ ನಿಂತಿದ್ದ. ರುಬ್ಬುವ ಕಲ್ಲಿನ ಸುತ್ತ ಹತ್ತು ಹನ್ನೆರಡು ಹೆಂಗಸರು. ಬೃಂದಾಳನ್ನು ಕುರ್ಚಿ ಹಾಕಿ ಮಸಾಲೆ ಪೊಟ್ಟಣಗಳ ಪಕ್ಕ ಕೂರಿಸಿದರು. ಚಿಕ್ಕಬೀರಮ್ಮ ತಾನಾಗಿಯೇ ಹೋಗಿ ಅಂಚಿನಲ್ಲಿ ಬೆಳ್ಳುಳ್ಳಿ ಸುಲಿಯುವ ಮುದುಕಿಯರ ಜೊತೆ ಕೂತಳು. ಮೂವತ್ತು ವರ್ಷ ಕಲ್ಲಿನ ಪಕ್ಕ ನಿಂತವಳು.

"ಚೆಕ್ಕೆ ಎಷ್ಟು ಹಾಕಣ ಅಕ್ಕ?" ಎಂದು ಒಬ್ಬಳು ಬೃಂದಾಳನ್ನು ಕೇಳಿದಳು. ಬೃಂದಾಳಿಗೆ ಗೊತ್ತಿರಲಿಲ್ಲ. ಅಂದಾಜಿಗೆ ಹೇಳಿದಳು.

"ಚಿಕ್ಕಬೀರಕ್ಕುನ್ನ ಕೇಳ್ಬ್ಯಾಡ್ರೇ," ಎಂದಳು ಇನ್ನೊಬ್ಬಳು ಕಲ್ಲು ತಿರುಗಿಸುತ್ತ. "ಬೀಗ್ರು ಉಂಡ್ಬುಟ್ಟು ಬಿಕ್ಕಳಿಸ್ಕಂಡು ಹೋದಾರು."

ನಗು ಎದ್ದಿತು. ಕೊಪ್ಪರಿಗೆಯ ಹತ್ತಿರ ಕೂತಿದ್ದ ಕರಿಯಯ್ಯ, "ಹೋಗ್ಲಿ ಬುಡಿ, ನಂಗೊಂದ್ ಪಾಲು ಬ್ಯಾರೆ ಮಾಡ್ಸಿ," ಎಂದ. ಇನ್ನೂ ನಗು. ಚಿಕ್ಕಬೀರಮ್ಮನೂ ನಕ್ಕಳು, ಬೆಳ್ಳುಳ್ಳಿಯಿಂದ ತಲೆ ಎತ್ತದೆ. ಸುಲಿದ ಎಸಳೊಂದನ್ನು ಮೂಗಿನ ಹತ್ತಿರ ಒಯ್ದು ಮೂಸಿ, ಪಾತ್ರೆಗೆ ಹಾಕಿದಳು. ಬೆಳ್ಳುಳ್ಳಿಯನ್ನು!

ಬೃಂದಾ ಕುರ್ಚಿಯಿಂದ ಎದ್ದಳು. ಪರ್ಸು ತೆರೆಯುವಾಗ ಜಿಪ್ಪು ಸಿಕ್ಕಿಹಾಕಿಕೊಂಡಿತು. ಲೇಬಲ್ಲನ್ನು ಕಲ್ಲಿನ ಹತ್ತಿರವಿದ್ದ ಸೋಮಮ್ಮನ ಕೈಗೆ ಕೊಟ್ಟಳು.

"ಸೋಮಕ್ಕ, ಇದನ್ನ ಓದಿ. ಎಲ್ರಿಗೂ ಕೇಳೋ ಹಾಗೆ."

ಸೋಮಮ್ಮ ಹಿಗ್ಗಿದಳು. ಮಸಾಲೆ ಕೈಯನ್ನು ಸೆರಗಿಗೆ ಒರೆಸಿ, ಬೆರಳಿಟ್ಟಳು. "ಸೊ. ಪ್ಪಿ. ನ. ಪು..." ಅಲ್ಲಿಗೆ ಅವಳ ಬೆರಳು ನಿಂತಿತು. "ಇದು ಅವತ್ತಿಂದಲ್ವಾ?"

"ಯಾರ ಅಕ್ಷರ?"

"ನಿಮ್ದೇ ಕಣಕ್ಕ. ಗುಂಡ್ಗುಂಡಾಗವೆ."

"ಇದು ಇದ್ದದ್ದು ನಮ್ಮತ್ತೆ ಬಾಟ್ಲಿ ಮೇಲೆ," ಎಂದಳು ಬೃಂದಾ. ಧ್ವನಿ ಅವತ್ತಿನಂತೆ ಶಾಂತವಾಗಿರಲಿಲ್ಲ. ನಡುಗುತ್ತಿತ್ತು, ಅದೇ ವಾಸಿ ಅನ್ನಿಸಿತು. "ಹೊಗೆಸೊಪ್ಪು ಅಂತ ಬರೆಯೋಕೆ ನಾಚಿಕೆ ಆಗಿ ನಾನು ಹೀಗೆ ಬರೆದೆ. ನುಗ್ಗೆ ಬಾಟ್ಲಿ ಬೇರೆ ಇತ್ತು, ಅದರಲ್ಲಿ ನುಗ್ಗೇನೇ ಇತ್ತು, ಈಗ್ಲೂ ಇದೆ. ಅತ್ತೆ ಯಾವ ಬಾಟ್ಲೀಲೂ ಏನೂ ತುಂಬಲಿಲ್ಲ. ಅವತ್ತು ವಾಸನೆ ಬೇರೆ ಇದೆ ಅಂತ ಹೇಳಿದ್ದೂ ಅವರೇ. ನಾನು ನಗಾಡಿದೆ. ನೀವೂ ಇದ್ರಿ. ಆಮೇಲೆ... ಅವರ ಮೇಲೆ ಹಾಕಿದ್ದು ಸುಳ್ಳು."

ಕಲ್ಲು ನಿಂತಿತ್ತು.

"ಹೊಗೆ ಅಂತ ಬರೆಯಾಕೆ ಅದೇನವ್ವ ನಾಚ್ಕೆ?" ಎಂದಳು ಬೆಳ್ಳುಳ್ಳಿಯ ಗುಂಪಿನ ಒಬ್ಬ ಮುದುಕಿ, ನಿಜವಾಗಿಯೂ ಅರ್ಥವಾಗದೆ. "ಊರೆಲ್ಲ ಅದ್ರಲ್ಲೇ ಅಲ್ವಾ ಉಣ್ಣಾದು? ನೀ ಉಟ್ಟಿರಾ ಸೀರೇನೂವೆ ಸೊಪ್ಪೇಯ."

"ಬೆಲ್ಲ ತಿನ್ನಿ ಉಪ್ಪು ಬುಡಿ ಅಂತ ನಮಗ್ ಬುದ್ಧಿ ಯೋಳಾವ್ರು," ಎಂದಳು ಕಲ್ಲು ತಿರುಗಿಸುತ್ತಿದ್ದವಳು, ಪೂರ್ತಿ ಹೇಳಿ ಮುಗಿಸಲಿಲ್ಲ. ಮುಗಿಸಿದ್ದರೆ ಬೃಂದಾಳಿಗೆ ಹಗುರವಾಗುತ್ತಿತ್ತು.

ಅವಳು ಅತ್ತೆಯ ಕಡೆ ನೋಡಿದಳು. ಮುದುಕಿ ಸೊಸೆಯನ್ನು ನೋಡುತ್ತಿರಲಿಲ್ಲ. ತನ್ನ ಎರಡೂ ಅಂಗೈಯನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು, ಕಳೆದುಹೋದದ್ದು ಸಿಕ್ಕಿದವಳಂತೆ ಅವನ್ನೇ ನೋಡುತ್ತಿದ್ದಳು.

"ಅಂಗಾರೆ ನಾ ಮರ್ತಿರ್ನಿಲ್ಲ," ಎಂದಳು, ಯಾರಿಗೂ ಅಲ್ಲದಂತೆ. ಆಮೇಲೆ, "ನನ್ನೆಸ್ರೂ ಬರ್ದಿರ್ನಿಲ್ಲ."



ಚಿಕ್ಕಬೀರಮ್ಮ ಮಂಡಿಗೆ ಕೈಕೊಟ್ಟು ಎದ್ದಳು. ಬೆಳ್ಳುಳ್ಳಿ ಸಿಪ್ಪೆ ಕೊಡವಿದಳು, ಕೈ ತೊಳೆದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನೇರವಾಗಿ ಕಲ್ಲಿನ ಹತ್ತಿರ ಬಂದು ಮಸಾಲೆಯ ಮೇಲೆ ಬಾಗಿದಳು.

"ಯಾರ್ ಯೋಳಿದ್ದು ಇಷ್ಟ್ ಚೆಕ್ಕೆ? ಬೀಗ್ರಿಗೆ ಸಾರಾ, ಕಸಾಯವಾ? ಕೊತ್ತಂಬ್ರಿ ತತ್ತಾ, ಇನ್ನೆರಡ್ ಸೇರು." ಹುಣಸೂರಿನವನು ಏನೋ ಹೇಳಲು ಬಾಯಿ ತೆರೆದ. "ನೀ ಆಚೀಕ್ ನಿಂತ್ಕಳಪ್ಪ," ಎಂದಳು. ಲಿಂಗಣ್ಣ ಸದ್ದು ಕೇಳಿ ಓಡಿ ಬಂದವನು ವಿಷಯ ತಿಳಿದು, ಟವಲ್ಲಿನಿಂದ ಮುಖ ಒರೆಸಿಕೊಂಡು, ಬಂದಷ್ಟೇ ಬೇಗ ಹೋದ.

ಸೋಮಮ್ಮ ಕೊತ್ತಂಬರಿ ಪುಡಿ ತಂದುಕೊಟ್ಟಳು. ಚಿಕ್ಕಬೀರಮ್ಮ ನೋಡದೆ ಇಸಿದುಕೊಂಡು ಸುರಿದಳು. ಇನ್ನೊಬ್ಬಳು ಗಸಗಸೆ ಕೊಟ್ಟಳು, ಸುರಿದಳು. ಇನ್ನೊಬ್ಬಳು ಅರಿಸಿನ. ಮೂಗಿನ ಹತ್ತಿರಕ್ಕೂ ಒಯ್ಯಲಿಲ್ಲ. ಎರಡು ತಿಂಗಳ ಅಲೆದಾಟ ಮುಗಿಸಿ ಆ ಮೂಗು ತನ್ನ ಜಾಗಕ್ಕೆ ಬಂದು ಸೌಟಿನ ಮೇಲೆ ಮಾತ್ರ ಬಾಗುತ್ತಿತ್ತು. ಸಾರು ಕುದಿ ಬಂದಾಗ ಮೂಸಿದಳು.

"ಉಪ್ಪು."

ಉಪ್ಪಿನ ಮರಿಗೆ ಬೃಂದಾಳ ಕುರ್ಚಿಯ ಪಕ್ಕದಲ್ಲೇ ಇತ್ತು. ಉಪ್ಪು ಕಮ್ಮಿ ಮಾಡಿ ಎಂದು ಊರಿಗೆಲ್ಲ ಹೇಳಿದವಳು ಎರಡೂ ಕೈಯಲ್ಲಿ ಅದನ್ನು ಎತ್ತಿಕೊಂಡು ಹೋಗಿ ಚಾಚಿದಳು. ಚಿಕ್ಕಬೀರಮ್ಮ ಬೊಗಸೆ ತುಂಬ ತೆಗೆದುಕೊಂಡಳು. ಕೊಪ್ಪರಿಗೆಯ ಕಡೆ ಕೈ ಚಾಚಿದವಳು ತಡೆದಳು. ಬೊಗಸೆಯನ್ನು ನಿಧಾನವಾಗಿ ಮೂಗಿನ ಹತ್ತಿರ ತಂದು, ಎಲ್ಲರೂ ನೋಡುತ್ತಿದ್ದಂತೆ, ಒಮ್ಮೆ ಚೆನ್ನಾಗಿ ಮೂಸಿದಳು.

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕರಿಯಯ್ಯ ನಕ್ಕು ಕೆಮ್ಮಿದ. ಮುದುಕಿಯ ಮುಖದಲ್ಲಿ ಮಾತ್ರ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಉಪ್ಪನ್ನು ಸಾರಿಗೆ ಹಾಕಿ, ಇನ್ನೊಂದು ಬೊಗಸೆಗೆ ಕೈ ಒಡ್ಡಿದಳು. ಬೃಂದಾ ಮರಿಗೆಯನ್ನು ಇನ್ನೂ ಹತ್ತಿರ ಹಿಡಿದಳು. ಅದನ್ನೂ ಮೂಸಿಯೇ ಹಾಕಿದಳು.